ಪುಟ ೨೧೪ರಲ್ಲಿ ಇಲ್ಲದ ಅವ್ವ

ಹೊರ್ತಿ

ನೆದರ್ಲ್ಯಾಂಡ್ಸಿಗೆ ಓದಲು ಹೋಗುತ್ತೇನೆ ಎಂದಾಗ ಅವ್ವ ಕೇಳಿದ್ದು ಒಂದೇ ಪ್ರಶ್ನೆ.

“ಅಲ್ಲಿ ಲಿಂಬಿಗಿಡ ಅದಾವೇನು?”

ಇಲ್ಲ ಎಂದೆ. ಅಲ್ಲಿನ ಚಳಿಗೆ ನಿಂಬೆಗಿಡ ಬಯಲಿನಲ್ಲಿ ಬದುಕುವುದಿಲ್ಲ.

“ಮತ್ತ ಲಿಂಬಿಕಾಯಿ ವಿದ್ಯಾ ಕಲಿಯಾಕ ಲಿಂಬಿಗಿಡ ಇಲ್ಲದ ದೇಶಕ್ಕ ಯಾಕ ಹೊಂಟಿ?”

ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ಅಲ್ಲಿ ಬೆಳೆಯದಿದ್ದರೂ ಎಷ್ಟೋ ದೇಶಗಳ ಹಣ್ಣು ಅಲ್ಲಿನ ಬಂದರಿಗೇ ಬಂದಿಳಿಯುತ್ತದೆ. ಕಿತ್ತ ಹಣ್ಣನ್ನು ಕೆಡದಂತೆ ಕಾಪಾಡುವ ಶಾಸ್ತ್ರವನ್ನು ಅಲ್ಲಿ ಚೆನ್ನಾಗಿ ಕಲಿಸುತ್ತಾರೆ. ಎರಡು ವರ್ಷಕ್ಕೆ ವಿದ್ಯಾರ್ಥಿವೇತನವೂ ಸಿಕ್ಕಿದೆ. ಅವ್ವ ಎಲ್ಲ ಕೇಳಿಸಿಕೊಂಡು, “ಆತು, ಹೋಗಿ ಬಾ. ಅವರಿಗೂ ಏನರೆ ಕಲಿಸಿ ಬಾ” ಅಂದಳು. ಆ ಕೊನೆಯ ಮಾತನ್ನು ನಾನು ತಮಾಷೆ ಎಂದುಕೊಂಡೆ.

ನನ್ನವ್ವ ಗಂಗವ್ವ ಕಲಿತದ್ದು ನಾಲ್ಕನೆಯ ಇಯತ್ತೆ. ಕೆಲಸ ನಿಂಬೆ ಆರಿಸುವುದು. ನಮ್ಮೂರು ಹೊರ್ತಿಯ ಇಂಡಿ ರಸ್ತೆಯ ಬದಿಯ ತಗಡಿನ ಶೆಡ್ಡಿನಲ್ಲಿ ಹೆಂಗಸರು ನಿಂಬೆಯ ರಾಶಿಯ ಸುತ್ತ ಕೂತು, ದೂರದ ಊರಿಗೆ ಹೋಗುವುದು, ಹತ್ತಿರದ ಸಂತೆಗೆ ಹೋಗುವುದು, ಉಪ್ಪಿನಕಾಯಿಗೆ ಹೋಗುವುದು ಎಂದು ಬೇರೆ ಮಾಡುತ್ತಾರೆ. ಬಾಯಿ ಊರ ಸುದ್ದಿ ಮಾತಾಡುತ್ತಿರುತ್ತದೆ, ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ. ರಜೆಯಲ್ಲಿ ನಾನೂ ಆ ರಾಶಿಯ ಮುಂದೆ ಕೂತವಳೇ. ಕಿತ್ತು ತಂದ ಕಾಯಿಯನ್ನು ಅವರು ಕೂಡಲೇ ಮುಟ್ಟುತ್ತಿರಲಿಲ್ಲ. ನೆರಳಿನಲ್ಲಿ ಗೋಣಿಯ ಮೇಲೆ ತೆಳ್ಳಗೆ ಹರವಿ ಒಂದು ರಾತ್ರಿ ಬಿಡುತ್ತಿದ್ದರು. ಅದಕ್ಕೆ ಕಾಯಿ ಮಲಗಿಸುವುದು ಎಂದು ಹೆಸರು. ಮಲಗಿ ಎದ್ದ ಕಾಯಿಯ ಸಿಪ್ಪೆ ಸ್ವಲ್ಪ ಮೆತ್ತಗಾಗಿ ಗೋಣಿಯಲ್ಲಿ ಉಜ್ಜಿದರೂ ಗಾಯವಾಗುವುದಿಲ್ಲ, ಒಳಗಿನ ಪೆಟ್ಟು ಮೇಲೆ ಕಾಣುತ್ತದೆ, ಅಂಥದ್ದನ್ನು ತೆಗೆದುಹಾಕಬಹುದು.

ಈ ಪ್ರವಾಸದ ಕಥೆಯೆಲ್ಲ ಆ ಒಂದು ರಾತ್ರಿಯ ನಿದ್ದೆಗೆ ಸಂಬಂಧಿಸಿದ್ದು.

ಮೊದಲ ವಾರ

ನನ್ನ ವಿಶ್ವವಿದ್ಯಾಲಯವಿದ್ದದ್ದು ನದಿಯ ದಂಡೆಯ ಒಂದು ಸಣ್ಣ ಊರಿನಲ್ಲಿ. ಊರು ಎಷ್ಟು ಚಪ್ಪಟೆ ಎಂದರೆ, ಮೊದಲ ದಿನ ಬಸ್ಸಿನ ಕಿಟಕಿಯಿಂದ ನೋಡಿದಾಗ ಇಂಡಿಯಿಂದ ಸಿಂದಗಿಗೆ ಹೋಗುತ್ತಿದ್ದೇನೆ ಅನ್ನಿಸಿತು. ನಮ್ಮಲ್ಲಿ ಜೋಳ ಇರುವ ಕಡೆ ಅಲ್ಲಿ ಹುಲ್ಲು, ನಮ್ಮಲ್ಲಿ ಧೂಳು ಇರುವ ಕಡೆ ಅಲ್ಲಿ ನೀರು. ಅಷ್ಟು ಬಿಟ್ಟರೆ ಆಕಾಶ ನಮ್ಮದೇ ಅಳತೆಯದ್ದು.

ಮೊದಲ ತರಗತಿಗೆ ಪ್ರಾಧ್ಯಾಪಕಿ ಬಂದರು. ನಾನು ದಡಕ್ಕನೆ ಎದ್ದು ನಿಂತೆ. ಮೂವತ್ತು ಜನರಲ್ಲಿ ಎದ್ದವಳು ನಾನೊಬ್ಬಳೇ. ಅವರು ಸೈಕಲ್ ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟು, “ಏನಾದರೂ ಕೇಳಬೇಕೆ?” ಎಂದರು. ಇಲ್ಲ ಎಂದೆ. “ಹಾಗಾದರೆ ಯಾಕೆ ನಿಂತಿದ್ದೀಯ?” ಗೌರವಕ್ಕೆ ಎಂದು ಹೇಳಲು ನಾಚಿಕೆಯಾಗಿ ಕೂತೆ. ಅವರ ಹೆಸರು ಮರೈಕೆ. ಮೇಡಂ ಅನ್ನಬಾರದು, ಮರೈಕೆ ಅಂತಲೇ ಕರೆಯಬೇಕು ಎಂದರು. ಅರವತ್ತರ ಹತ್ತಿರದ ಹೆಂಗಸನ್ನು ಬರೀ ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಒಪ್ಪಲಿಲ್ಲ. ಒಂದು ತಿಂಗಳು ಅವರನ್ನು ಏನೂ ಕರೆಯದೆ, ಎದುರಿಗೆ ಹೋಗಿ ಕೆಮ್ಮಿ ಮಾತು ಶುರು ಮಾಡುತ್ತಿದ್ದೆ. ಒಂದು ದಿನ ಅವರು ನನ್ನ ಕೆಮ್ಮಿನ ಬಗ್ಗೆ ಕಾಳಜಿಯಿಂದ ಡಾಕ್ಟರರ ವಿಳಾಸ ಕೊಟ್ಟರು.

ಅಲ್ಲಿನ ಜನರ ಬಗ್ಗೆ ಹೊರಗಿನವರ ದೂರೆಂದರೆ ಅವರು ಮುಖದ ಮೇಲೆ ಹೇಳಿಬಿಡುತ್ತಾರೆ ಎನ್ನುವುದು. ನನಗೆ ಅದರಿಂದ ತೊಂದರೆಯಾಗಲಿಲ್ಲ. ಕೃಷಿ ಪದವಿ ಓದುವಾಗ ಮೈಸೂರು ಕಡೆಯ ಗೆಳತಿಯೊಬ್ಬಳು, ನಾನು ಅವ್ವನ ಜೊತೆ ಫೋನಿನಲ್ಲಿ ಮಾತಾಡುವುದನ್ನು ಕೇಳಿ, “ಯಾಕೆ ಜಗಳ ಆಡ್ತಿದ್ದೀಯ?” ಎಂದು ಗಾಬರಿಯಾಗಿದ್ದಳು. ನಾವು ಊಟಕ್ಕೆ ಏನು ಮಾಡಿದ್ದೀರಿ ಎಂದು ಮಾತಾಡುತ್ತಿದ್ದೆವು. ಹಾಗಾಗಿ ಡಚ್ಚರ ಮಾತಿನ ಒರಟು ನನಗೆ ಮನೆಯ ಮಾತೇ. ಅವರ ಆತಿಥ್ಯ ಮಾತ್ರ ಅರ್ಥವಾಗಲಿಲ್ಲ. ಪಕ್ಕದ ಕೋಣೆಯ ಹುಡುಗಿ ಲೊಟ್ಟೆ ಕಾಫಿಗೆ ಕರೆದಳು. ಡಬ್ಬಿ ತೆರೆದು ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿದಳು. ನಾನು ಒಲ್ಲೆ ಅಂದರೆ ಮತ್ತೆ ಕೇಳುತ್ತಾಳೆ ಎಂದು ಆ ಒಂದನ್ನೂ ಮೊದಲಿಗೆ ಒಲ್ಲೆ ಎಂದುಬಿಟ್ಟೆ. ಅವಳು ಸರಿ ಎಂದು ಅದನ್ನೂ ಡಬ್ಬಿಗೆ ಹಾಕಿದಳು. ಹೊರ್ತಿಯಲ್ಲಾಗಿದ್ದರೆ ಅದಕ್ಕೆ ಎರಡು ಮನೆಯವರು ಮಾತು ಬಿಡುತ್ತಿದ್ದರು.

ಮರೈಕೆಯ ಕೋಣೆ

ಅಕ್ಟೋಬರಿನಲ್ಲಿ ಮೊದಲ ವರದಿ ಬರೆಯಬೇಕಿತ್ತು. ಹಣ್ಣಿನ ಗಾಯವನ್ನು ಕಡಿಮೆ ಮಾಡುವ ಒಂದು ಕ್ರಮವನ್ನು ಆರಿಸಿಕೊಂಡು ಹತ್ತು ಪುಟ. ವರ್ಷಪೂರ್ತಿಯ ಕೆಲಸಕ್ಕೆ ಇದೇ ಬುನಾದಿ. ನನ್ನ ಕೈ ತಾನಾಗಿ ಬರೆದದ್ದು ಕಾಯಿ ಮಲಗಿಸುವುದರ ಬಗ್ಗೆ. ಬರೆದು ಓದಿದೆ. ಚೆನ್ನಾಗಿತ್ತು. ಆದರೆ ಮಾತಿನ ಮುಂದೆ ಯಾವ ಪುಸ್ತಕದ ಹೆಸರೂ ಇರಲಿಲ್ಲ.

ಇಲ್ಲಿ ನಮ್ಮ ಕಲಿಕೆಯ ರೀತಿ ಹೇಳಬೇಕು. ನಾನು ಸಣ್ಣಂದಿನಿಂದ ಪಿಯುಸಿಯವರೆಗೆ ಓದಿದ್ದು ಸಿಂದಗಿಯಲ್ಲಿ, ಹಾಸ್ಟೆಲಿನಲ್ಲಿದ್ದುಕೊಂಡು. ಅಲ್ಲಿ ಜೀವಶಾಸ್ತ್ರ ಕಲಿಸಿದ ಮೇಷ್ಟರು ಮುದ್ದೇಬಿಹಾಳದ ಕಡೆಯವರು. ಬಹಳ ಒಳ್ಳೆಯವರು, ಮನಸ್ಸಿಟ್ಟು ಕಲಿಸುತ್ತಿದ್ದರು. ಯಾರಾದರೂ ಉತ್ತರದಲ್ಲಿ ಸ್ವಂತ ಮಾತು ಬರೆದರೆ ಮಾತ್ರ ಕೆಂಪು ಗೆರೆ ಎಳೆದು, “ನೀ ಹೇಳಾಕ ಯಾರು? ಪುಸ್ತಕ ಏನ್ ಹೇಳತೈತಿ ಅದನ್ನ ಬರಿ” ಅನ್ನುತ್ತಿದ್ದರು. ಹಾಗಾಗಿ ನಮ್ಮಲ್ಲಿ ಒಂದು ಉಪಾಯ ರೂಢಿಯಾಗಿತ್ತು. ತಲೆಗೆ ಹೊಳೆದದ್ದನ್ನು ಬರೆದು, ಅದರ ಮುಂದೆ ಒಬ್ಬ ದೊಡ್ಡ ಲೇಖಕರ ಹೆಸರು ಹಾಕುವುದು. ನಮಗೆ ಅದು ಕಳ್ಳತನ ಅನ್ನಿಸುತ್ತಲೇ ಇರಲಿಲ್ಲ. ಕಳ್ಳತನವೆಂದರೆ ಇನ್ನೊಬ್ಬರದ್ದನ್ನು ನಮ್ಮದು ಅನ್ನುವುದು. ನಾವು ನಮ್ಮದನ್ನು ಇನ್ನೊಬ್ಬರದ್ದು ಅನ್ನುತ್ತಿದ್ದೆವು. ವಿನಯವೆಂದೇ ತಿಳಿದಿದ್ದೆವು.

ಗ್ರಂಥಾಲಯದಲ್ಲಿ ಒಂದು ದಪ್ಪ ಪುಸ್ತಕವಿತ್ತು, ನಿಂಬೆ ಜಾತಿಯ ಹಣ್ಣುಗಳ ಮೇಲೆ. ಅವ್ವನ ಮಾತಿನ ಮುಂದೆ ಆ ಪುಸ್ತಕದ ಹೆಸರು ಹಾಕಿ, ಪುಟ ೨೧೪ ಎಂದು ಬರೆದೆ. ಯಾಕೆ ೨೧೪ ಎಂದು ಈಗಲೂ ಗೊತ್ತಿಲ್ಲ. ನಂಬಬಹುದಾದ ಪುಟ ಅನ್ನಿಸಿತು.

ಒಂದು ವಾರದ ಮೇಲೆ ಮರೈಕೆ ಕರೆದರು. ಮೇಜಿನ ಮೇಲೆ ಆ ದಪ್ಪ ಪುಸ್ತಕ ತೆರೆದಿತ್ತು.

“ಇದು ೨೧೪ನೆಯ ಪುಟ. ಇಲ್ಲಿ ಕಿತ್ತಳೆಯ ಮೇಲೆ ಕೂರುವ ನೊಣದ ಬಗ್ಗೆ ಬರೆದಿದೆ. ನೀನು ಹೇಳಿದ್ದು ಇಲ್ಲಿಲ್ಲ. ಪುಸ್ತಕದಲ್ಲೆಲ್ಲೂ ಇಲ್ಲ. ನಾನು ನಿನ್ನೆ ಸಂಜೆಯೆಲ್ಲ ಹುಡುಕಿದೆ.”

ನಮ್ಮ ಕಾಲೇಜಿನಲ್ಲಿ ಯಾರೂ ಪುಸ್ತಕ ತೆರೆದು ನೋಡಿದ್ದಿಲ್ಲ. ತೆರೆದು ನೋಡುತ್ತಾರೆ ಎಂಬುದೇ ನನಗೆ ಹೊಸ ಸಂಗತಿ.

“ಹಾಗಾದರೆ ಈ ಮಾತು ಯಾರದು?”

“ಯಾರದೂ ಅಲ್ಲ” ಎಂದೆ.

“ಯಾರದೂ ಅಲ್ಲದ ಮಾತು ಇರುವುದಿಲ್ಲ.”

“ನಮ್ಮ ತಾಯಿಯದು” ಎಂದೆ. ಶೆಡ್ಡು, ರಾಶಿ, ಗೋಣಿ ಎಲ್ಲ ಹೇಳಿದೆ.

“ಅವರ ಹೆಸರು ಯಾಕೆ ಬರೆಯಲಿಲ್ಲ?”

“ಅವರು ಓದಿದ್ದು ನಾಲ್ಕನೆಯ ತರಗತಿ.”

“ನಾನು ಅವರ ತರಗತಿ ಕೇಳಲಿಲ್ಲ” ಎಂದರು ಮರೈಕೆ.

ಆಮೇಲೆ ಅವರು ನೇರವಾಗಿ ವಿಷಯ ಹೇಳಿದರು. ಇಲ್ಲದ ಪುಟವನ್ನು ಇದೆ ಎಂದು ಬರೆಯುವುದು ಅಲ್ಲಿ ದೊಡ್ಡ ತಪ್ಪು. ಪರೀಕ್ಷಾ ಸಮಿತಿಗೆ ತಿಳಿಸಲೇಬೇಕು. ಸಮಿತಿ ಜನವರಿಯಲ್ಲಿ ಕೂಡುತ್ತದೆ. ಅಷ್ಟರೊಳಗೆ ಆ ಮಾತು ನಿಜವಾಗಿ ಎಲ್ಲಿಂದ ಬಂತು, ಅದು ಸರಿಯೋ ತಪ್ಪೋ ಎಂಬುದನ್ನು ಪ್ರಯೋಗ ಮಾಡಿ ತೋರಿಸಿದರೆ ಎಚ್ಚರಿಕೆಯಲ್ಲಿ ಮುಗಿಯಬಹುದು. ತೋರಿಸಲಾಗದಿದ್ದರೆ ಕಟ್ಟುಕಥೆ ಬರೆದವಳೆಂದು ಹೊರಗೆ ಕಳಿಸಬಹುದು, ವಿದ್ಯಾರ್ಥಿವೇತನವೂ ನಿಲ್ಲುತ್ತದೆ. ಇಷ್ಟು ಹೇಳಿ ನನ್ನ ಮುಂದೆ ಒಂದು ಬಿಸ್ಕತ್ತು ಇಟ್ಟರು. ಈ ಸಲ ಒಲ್ಲೆ ಅನ್ನದೆ ತಿಂದೆ.

ನಾಲ್ಕು ಪೆಟ್ಟಿಗೆ

ನವೆಂಬರಿನಲ್ಲಿ ಮರೈಕೆ ಸ್ಪೇನಿನಿಂದ ಮೇಣ ಹಚ್ಚದ ನಿಂಬೆ ತರಿಸಿಕೊಟ್ಟರು. ಒಂದೊಂದೂ ನಮ್ಮ ಕಾಯಿಯ ಮೂರರಷ್ಟು ದಪ್ಪ. ಬಣ್ಣ ಚೆಂದ, ಸಿಪ್ಪೆ ದಡೂತಿ. ಅವ್ವ ನೋಡಿದ್ದರೆ, “ಇದೇನ ಲಿಂಬಿಕಾಯಿನೋ ಬದನಿಕಾಯಿನೋ?” ಅನ್ನುತ್ತಿದ್ದಳು.

ನಾಲ್ಕು ಪೆಟ್ಟಿಗೆಯ ಕಾಯಿಗಳನ್ನು ಪ್ರಯೋಗಾಲಯದ ಹಿಂದಿನ ಉಗ್ರಾಣದಲ್ಲಿ, ನೆಲದ ಮೇಲೆ ಗೋಣಿ ಹಾಸಿ ಒಂದು ರಾತ್ರಿ ಮಲಗಿಸಿ, ಮರುದಿನ ಆರಿಸಿ ತುಂಬಿದೆ. ಗೋಣಿ ಹುಡುಕುವುದೇ ಒಂದು ಸಾಹಸವಾಯಿತು. ಕೊನೆಗೆ ಕಾಫಿ ಅಂಗಡಿಯವನು ಬೀಜ ತುಂಬಿ ಬಂದಿದ್ದ ಖಾಲಿ ಗೋಣಿ ಕೊಟ್ಟ. ಇನ್ನೂ ನಾಲ್ಕು ಪೆಟ್ಟಿಗೆಯವನ್ನು ಮಲಗಿಸದೆ, ಬಂದ ದಿನವೇ ಆರಿಸಿ ತುಂಬಿದೆ. ಎರಡು ವಾರ ಬಿಟ್ಟು ತೆರೆದು ನೋಡುವುದು.

ತೆರೆದೆ. ಮಲಗಿಸದ ಪೆಟ್ಟಿಗೆಗಳು ಸುಮಾರಾಗಿ ಚೆನ್ನಾಗಿದ್ದವು. ಮಲಗಿಸಿದ ನಾಲ್ಕರಲ್ಲಿ ಹಸಿರು ಬೂಷ್ಟು. ಒಂದನ್ನೊಂದು ಅಂಟಿಕೊಂಡು ಕೊಳೆತು, ಮುಚ್ಚಳ ತೆಗೆದ ಕೂಡಲೇ ಪುಡಿ ಹೊಗೆಯಂತೆ ಎದ್ದಿತು. ಲೊಟ್ಟೆಯೂ ನನ್ನ ಜೊತೆಗೇ ಇದ್ದಳು. ಮೂಗು ಮುಚ್ಚಿಕೊಂಡು, “ಇದು ಪೂರ್ತಿ ಸೋತಿದೆ” ಎಂದಳು. ನನಗೂ ಕಾಣುತ್ತಿತ್ತು.

ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನನಗೆ ಸಿಟ್ಟು ಬಂದದ್ದು ನನ್ನ ಮೇಲಲ್ಲ, ಅವ್ವನ ಮೇಲೆ. ನಾಲ್ಕನೆಯ ಇಯತ್ತೆಯ ಮಾತು ನಂಬಿ ಕೆಟ್ಟೆ ಅನ್ನಿಸಿತು. ಶೆಡ್ಡಿನ ಹೆಂಗಸರು ಏನೋ ರೂಢಿ ಮಾಡಿಕೊಂಡಿದ್ದಾರೆ, ಅದನ್ನು ನಾನು ಶಾಸ್ತ್ರ ಎಂದುಕೊಂಡೆ. ಕೋಣೆಗೆ ಬಂದು ಮರೈಕೆಗೆ ಪತ್ರ ಬರೆದೆ. ಮೂಲ ಮಾಹಿತಿ ಕೊಟ್ಟವರು ಶಿಕ್ಷಣವಿಲ್ಲದವರು, ಅವರ ಮಾತು ನಂಬಲರ್ಹವಲ್ಲ, ನನ್ನಿಂದ ತಪ್ಪಾಯಿತು, ಕ್ಷಮಿಸಬೇಕು ಎಂದು. ಕಳಿಸುವ ಮುನ್ನ ಭಾಷೆ ತಿದ್ದೋಣವೆಂದು ಮರುದಿನಕ್ಕೆ ಇಟ್ಟೆ. ಮರುದಿನ ಭಾನುವಾರ.

ಬೆವರಿದ ಕಿಟಕಿ

ಭಾನುವಾರ ಮಧ್ಯಾಹ್ನ ಅವ್ವನ ವಿಡಿಯೋ ಕರೆ ಬರುತ್ತದೆ. ಅಲ್ಲಿಯ ಮಧ್ಯಾಹ್ನ ಹೊರ್ತಿಗೆ ಸಂಜೆ. ಅವ್ವ ಯಾವಾಗಲೂ ಫೋನನ್ನು ಗಲ್ಲಕ್ಕೆ ಹತ್ತಿರ ಹಿಡಿಯುವುದರಿಂದ ನನಗೆ ಕಾಣುವುದು ಅರ್ಧ ಮೂಗುತಿ ಮತ್ತು ಹಿಂದಿನ ಗೋಡೆಯ ಬುದ್ಧನ ಪಟ.

“ಮಾರಿ ಯಾಕ ಸಣ್ಣಗಾಗೈತಿ? ಉಣ್ಣಾಕತ್ತಿಯಿಲ್ಲೊ?”

ಉಣ್ಣುತ್ತಿದ್ದೇನೆ ಎಂದೆ. ಅವ್ವ ನನ್ನನ್ನು ಬಿಟ್ಟು ನನ್ನ ಹಿಂದೆ ನೋಡತೊಡಗಿದಳು.

“ಅದೇನ, ಕಿಡಕಿಗೆ ನೀರ ಹರಿಯಾಕತ್ತೈತಿ? ಮಳಿ ಒಳಗ ಬರತೈತೇನು?”

ಮಳೆಯಲ್ಲ, ಇಲ್ಲಿ ಚಳಿಗಾಲಕ್ಕೆ ಕಿಟಕಿ ಒಳಗಿನಿಂದ ಬೆವರುತ್ತದೆ, ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ ಎಂದೆ. ಆಮೇಲೆ, ಇನ್ನೇನು ಮುಚ್ಚಿಡುವುದು ಎಂದು, ಎಲ್ಲ ಹೇಳಿಬಿಟ್ಟೆ. ಇಲ್ಲದ ಪುಟ, ಸಮಿತಿ, ನಾಲ್ಕು ಪೆಟ್ಟಿಗೆ. ಕೊನೆಗೆ, “ನೀ ಹೇಳಿದಂಗ ಮಲಗಿಸಿದ್ನಿ ಯವ್ವಾ, ಎಲ್ಲಾ ಕೊಳತುಹೋದವು” ಎಂದೆ. ಮಾತಿನಲ್ಲಿ ದೂರು ಇತ್ತು. ಅವಳಿಗೂ ಅದು ತಿಳಿಯಿತು.

ಅವ್ವ ಸಿಟ್ಟಾಗಲಿಲ್ಲ. ಫೋನನ್ನು ಮೊದಲ ಸಲ ದೂರ ಹಿಡಿದಳು. ಪೂರ್ತಿ ಮುಖ ಕಂಡಿತು.

“ಎಲ್ಲಿ ಮಲಗಿಸಿದಿ?”

“ನೆರಳಾಗ. ಗ್ವಾಡೌನಿನ್ಯಾಗ.”

“ಆ ಗ್ವಾಡೌನೂ ಹಿಂಗ ಬೆವರತೈತೇನು?”

ಬೆವರುತ್ತಿತ್ತು. ಉಗ್ರಾಣದ ಗೋಡೆಯ ಮೇಲೆ ಕೈಯಿಟ್ಟರೆ ಅಂಗೈ ಒದ್ದೆಯಾಗುತ್ತಿತ್ತು.

“ಗೋಣಿ ಮುಟ್ಟಿ ನೋಡಿದ್ಯಾ? ಒಣಾ ಇತ್ತೊ ಹಸಿ ಇತ್ತೊ?”

ಮುಟ್ಟಿ ನೋಡಿರಲಿಲ್ಲ.

“ಕಾಯಿ ಮಲಗಸೂದು ಒಣಾ ಗಾಳಿಗಿ, ಹುಚ್ಚಿ. ಮಳಿ ಹಿಡದ ದಿನದಾಗ ನಾವ ಮಲಗಸತೇವೇನು? ಶ್ರಾವಣದಾಗ ಕಿತ್ತ ದಿನಾನ ಆರಿಸಿ ಸಂಜಿ ಗಾಡಿಗಿ ಹಾಕತೇವಿ. ನೀ ನೋಡಿಲ್ಲೇನು?”

ನೋಡಿರಲಿಲ್ಲ. ನನಗೆ ಶೆಡ್ಡು ಗೊತ್ತಿದ್ದದ್ದು ಬೇಸಿಗೆ ಮತ್ತು ದೀಪಾವಳಿಯ ರಜೆಯಲ್ಲಿ. ಮಳೆಗಾಲವೆಲ್ಲ ನಾನು ಸಿಂದಗಿಯ ಹಾಸ್ಟೆಲಿನಲ್ಲಿ ಪುಸ್ತಕ ಬಾಯಿಪಾಠ ಮಾಡುತ್ತಿದ್ದೆ. ಅವ್ವನ ವಿದ್ಯೆಯನ್ನು ನಾನು ಒಣ ದಿನಗಳಲ್ಲಷ್ಟೇ ಕಲಿತಿದ್ದೆ. ಅರ್ಧ ಕಲಿತು ಪೂರ್ತಿ ಬರೆದಿದ್ದೆ. ನನ್ನ ವರದಿಯನ್ನು ಆವರೆಗೆ ಯಾರೂ ಅಷ್ಟು ಸರಿಯಾಗಿ ಪರೀಕ್ಷೆ ಮಾಡಿರಲಿಲ್ಲ. ಮರೈಕೆ ಪುಟ ನೋಡಿದ್ದರು. ಅವ್ವ ಗೋಡೆ ನೋಡಿದಳು.

“ಇನ್ನೊಂದ ಸಲ ಮಾಡು. ಫ್ಯಾನ್ ಹಚ್ಚಿ ಮಾಡು. ಮತ್ತ, ಆ ಬಾಯಿಗಿ ನಾ ಹೇಳೇನಿ ಅಂತ ಹೇಳು” ಎಂದು ಫೋನು ಇಟ್ಟಳು. ಆ ಬಾಯಿ ಎಂದರೆ ಮರೈಕೆ. ನಮ್ಮಲ್ಲಿ ಗೌರವದ ಹೆಂಗಸರನ್ನು ಹಾಗೆಯೇ ಕರೆಯುವುದು.

ಬರೆದಿಟ್ಟಿದ್ದ ಪತ್ರವನ್ನು ಅಳಿಸಿದೆ. ಕಳಿಸಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ ಅತ್ತೆ. ಅತ್ತು ಮುಗಿದ ಮೇಲೆ ಕಿಟಕಿ ಒರೆಸಿದೆ.

ಸಮಿತಿ

ಸೋಮವಾರ ಮರೈಕೆಯ ಬಾಗಿಲು ತಟ್ಟಿ, ಕೆಮ್ಮದೆ, “ಮರೈಕೆ, ನನ್ನ ತಾಯಿ ಒಂದು ತಪ್ಪು ಕಂಡುಹಿಡಿದಿದ್ದಾರೆ” ಎಂದೆ. ಅವರು ಕುರ್ಚಿ ಎಳೆದುಕೊಂಡು ಕೂತು, ಅವ್ವ ಕೇಳಿದ ಪ್ರಶ್ನೆಗಳನ್ನು ಒಂದೊಂದಾಗಿ ಬರೆದುಕೊಂಡರು. ಗೋಣಿ ಮುಟ್ಟಿ ನೋಡಿದ್ಯಾ ಎಂಬುದನ್ನು ಎರಡು ಸಲ ಹೇಳಿಸಿದರು. “ಇದು ನಾನು ಕೇಳಬೇಕಿತ್ತು” ಎಂದರು.

ಎರಡನೆಯ ಸಲ ಗಾಳಿಯ ತೇವವನ್ನು ಹೆಚ್ಚು ಕಡಿಮೆ ಮಾಡಬಲ್ಲ ಎರಡು ಕೋಣೆ ಕೊಟ್ಟರು. ಒಂದನ್ನು ನಮ್ಮ ಬೇಸಿಗೆಯಂತೆ ಒಣಗಿಸಿದೆ, ಇನ್ನೊಂದನ್ನು ಶ್ರಾವಣದಂತೆ ಹಸಿ ಇಟ್ಟೆ. ಒಣ ಕೋಣೆಯಲ್ಲಿ ಮಲಗಿದ ಕಾಯಿಗಳು ಮರುದಿನ ತಮ್ಮ ಪೆಟ್ಟನ್ನೆಲ್ಲ ತೋರಿಸಿದವು. ಅವನ್ನು ತೆಗೆದು ತುಂಬಿದ ಪೆಟ್ಟಿಗೆಗಳು ಮೂರು ವಾರ ಚೆನ್ನಾಗಿಯೇ ಇದ್ದವು. ಹಸಿ ಕೋಣೆಯವು ಅವ್ವ ಹೇಳಿದಂತೆಯೇ ಕೊಳೆತವು. ಆ ಕೊಳೆತ ಪೆಟ್ಟಿಗೆ ತೆರೆದು ನಾನು ಸಂತೋಷಪಟ್ಟದ್ದನ್ನು ನೋಡಿ ಲೊಟ್ಟೆಗೆ ನನ್ನ ತಲೆಯ ಬಗ್ಗೆ ಸಂಶಯ ಬಂತು.

ಜನವರಿಯ ಸಮಿತಿಯಲ್ಲಿ ಮೂವರಿದ್ದರು. ಎದ್ದು ನಿಂತೆ. ಕೂರಲು ಹೇಳಿದರು. ನಿಂತೇ ಹೇಳುತ್ತೇನೆ, ನನಗೆ ಹಾಗೆ ಅಭ್ಯಾಸ ಎಂದೆ, ಒಪ್ಪಿದರು. “ಆ ಪುಟ ಸುಳ್ಳು. ಅದನ್ನು ಬರೆದವಳು ನಾನು. ಆ ಮಾತು ನನ್ನ ತಾಯಿಯದು. ಅದನ್ನು ಅರ್ಧ ಮಾತ್ರ ತಿಳಿದು ಬರೆದವಳೂ ನಾನು” ಎಂದು ಶುರು ಮಾಡಿದೆ. ಅಷ್ಟು ವರ್ಷದ ಓದಿನಲ್ಲಿ ಎಲ್ಲಿಯೂ ನಾನು ಎಂದು ಹೇಳಿರಲಿಲ್ಲ. ಅವರಲ್ಲಿ ವಯಸ್ಸಾದವರೊಬ್ಬರು, “ನಿಮ್ಮ ತಾಯಿ ಇದನ್ನು ಯಾರಿಂದ ಕಲಿತರು?” ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅದೂ ನಾನು ಪರೀಕ್ಷೆಯೊಂದರಲ್ಲಿ ಮೊದಲ ಸಲ ಹೇಳಿದ ಮಾತು. ಎಚ್ಚರಿಕೆಯ ಪತ್ರವೊಂದು ನನ್ನ ಕಡತಕ್ಕೆ ಸೇರಿತು. ಓದು ಉಳಿಯಿತು, ಪ್ರಬಂಧಕ್ಕೆ ವಿಷಯವೂ ಉಳಿಯಿತು.

ಮತ್ತೆ ಹೊರ್ತಿ

ಜುಲೈನಲ್ಲಿ ಊರಿಗೆ ಬಂದೆ. ಬಸವನ ಬಾಗೇವಾಡಿಯಲ್ಲಿರುವ ಸೋದರತ್ತೆಯ ಮನೆಯಲ್ಲಿ ಒಂದು ದಿನ ಇಳಿದೆ. ಅಲ್ಲಿ ಚಹಾದ ಜೊತೆ ಅವಲಕ್ಕಿಯ ಚೂಡಾ ಕೊಟ್ಟರು, ಒಲ್ಲೆ ಎಂದೆ, ಮೂರು ಸಲ ಬಡಿಸಿದರು. ಊರು ತಲುಪಿದೆ ಎಂದು ಆಗ ಖಾತ್ರಿಯಾಯಿತು.

ಮರೈಕೆ ಒಂದು ಒಪ್ಪಿಗೆ ಪತ್ರ ಕಳಿಸಿದ್ದರು. ಮಾಹಿತಿ ಕೊಟ್ಟವರು ತಮ್ಮ ಹೆಸರನ್ನು ಪ್ರಬಂಧದಲ್ಲಿ ಬಳಸಲು ಒಪ್ಪಿ ಸಹಿ ಹಾಕಬೇಕು. ಅದನ್ನು ನಾನು ಕನ್ನಡಕ್ಕೆ ಮಾಡಿಕೊಂಡಿದ್ದೆ. ಪ್ರಬಂಧದ ಕರಡಿನಿಂದ ಅವ್ವನಿಗೆ ಸಂಬಂಧಿಸಿದ ಪುಟಗಳನ್ನೂ ಕನ್ನಡದಲ್ಲಿ ಬರೆದು ಒಯ್ದಿದ್ದೆ. ಜಿಟಿಜಿಟಿ ಮಳೆ. ಶೆಡ್ಡಿನಲ್ಲಿ ಕಾಯಿ ಮಲಗಿರಲಿಲ್ಲ, ಬೆಳಿಗ್ಗೆ ಕಿತ್ತದ್ದನ್ನು ಆಗಲೇ ಆರಿಸುತ್ತಿದ್ದರು. ಆ ಕೆಲಸವನ್ನು ನಾನು ನೋಡಿದ್ದು ಅದೇ ಮೊದಲು.

ಅವ್ವ ಕೈ ಒರೆಸಿಕೊಂಡು ಹಾಳೆ ತೆಗೆದುಕೊಂಡಳು. ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಮಾಹಿತಿ ಕೊಟ್ಟವರು, ಗಂಗವ್ವ, ನಿಂಬೆ ಆರಿಸುವವರು, ಹೊರ್ತಿ. ಅಲ್ಲಿ ಬೆರಳು ಸ್ವಲ್ಪ ಹೊತ್ತು ನಿಂತಿತು. ಪಕ್ಕದವಳು, “ಏನ ಬರದಾಳ?” ಎಂದು ಕೇಳಿದಳು. ಅವ್ವನ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಸಹಿ ಹಾಕುತ್ತಾಳೆ ಎಂದು ಪೆನ್ನಿನ ಮುಚ್ಚಳ ತೆಗೆದು ಕೊಟ್ಟೆ.

ಅವಳು ಪೆನ್ನು ಮುಟ್ಟದೆ ಮುಂದಿನ ಹಾಳೆಗೆ ಹೋದಳು. ಅದರಲ್ಲಿ ಮೊದಲ ಪ್ರಯೋಗದ ಸಂಗತಿಯಿತ್ತು. ಮೊದಲ ನಾಲ್ಕು ಪೆಟ್ಟಿಗೆಗಳು ಉಗ್ರಾಣದ ತೇವದಿಂದ ಕೊಳೆತವು, ಎಂದು.

“ತ್ಯಾವಾ ಏನ್ ಮಾಡೀತು ಪಾಪ?” ಎಂದಳು ಅವ್ವ. “ಗೋಣಿ ಮುಟ್ಟಿ ನೋಡದಾಕಿ ನೀ. ಹೇಳಿದಾಕಿ ಹೆಸರ ಬರದಿ, ಛಲೋ ಆತು. ಕೊಳೆಸಿದಾಕಿ ಹೆಸರ ಎಲ್ಲೈತಿ?”

ಸುತ್ತ ಕೂತ ಹೆಂಗಸರು ನಕ್ಕರು. ನಾನು ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಆ ಸಾಲನ್ನು ಹೊಡೆದುಹಾಕಿ ಮೇಲೆ ಬರೆದೆ. ಮೊದಲ ನಾಲ್ಕು ಪೆಟ್ಟಿಗೆಗಳನ್ನು ಕೊಳೆಸಿದವಳು ನಾನು, ಸುಜಾತಾ, ಗಂಗವ್ವನ ಮಗಳು.

ಅವ್ವ ಅದನ್ನೂ ಬೆರಳಿಟ್ಟು ಕೊನೆಯ ತನಕ ಓದಿದಳು.

“ಹಾಂ, ಈಗ ತಾ. ಸಹಿ ಎಲ್ಲಿ ಮಾಡ್ಬೇಕು ತೋರಸು.”